ಸಂದಿಗೆ ಹಚ್ಚಿದ ಶುಂಠಿ ಇಳಿಸುವುದು ಏನನ್ನು?

ಹಾವೇರಿ ಜಿಲ್ಲೆಯ ಹಾನಗಲ್ಲ ಮತ್ತು ಶಿಗ್ಗಾವಿಯ ಮಲೆನಾಡ ಸೆರಗಿನ ಹಳ್ಳಿಗಳಲ್ಲಿ ಹಸಿಶುಂಠಿ ಬೆಳೆಯುತ್ತಾರೆ. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಹಿರೇಕೆರೂರಿನ ಮಗ್ಗುಲಲ್ಲೇ ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಇವೆಲ್ಲ ಊಟಕ್ಕೆಂದು ಬೆಳೆದವು, ಆದರೂ ಒಂದಿಷ್ಟು ಪಾಲು ಮೊಣಕಾಲಿಗೆ, ಮಣಿಕಟ್ಟಿಗೆ, ಬಾತ ಬೆರಳಿಗೆ ಹೋಗುತ್ತದೆ. ಶುಂಠಿ ತೇಯ್ದ ಪಟ್ಟು, ಕಾಯಿಸಿದ ಎಲೆಯ ಕಟ್ಟು, ಬೆಳ್ಳುಳ್ಳಿ ಸಿಡಿಸಿದ ಎಣ್ಣೆ ಈ ಸೀಮೆಯ ಯಾವ ಮನೆಗೂ ಹೊಸವಲ್ಲ. ಹಚ್ಚಿಕೊಂಡವರಲ್ಲಿ ಬಹುಪಾಲು ಜನ ‘ಬ್ಯಾನಿ ಎಳೀತು’ ಎನ್ನುತ್ತಾರೆ. ಹುಬ್ಬಳ್ಳಿಯ ವೈದ್ಯರಲ್ಲಿ ಬಹುಪಾಲು ಜನ ತಲೆ ಅಲ್ಲಾಡಿಸುತ್ತಾರೆ.

ಈ ಜಗಳ ಹಳೆಯದು. ಅದು ಮುಗಿಯದಿರುವುದಕ್ಕೆ ಮುಖ್ಯ ಕಾರಣ, ಒಂದೇ ಮಾತಿನಲ್ಲಿ ಮೂರು ಪ್ರಶ್ನೆ ಕೇಳುತ್ತಿರುವುದು ಎಂದು ನನಗನ್ನಿಸುತ್ತದೆ. ಹಚ್ಚಿದ ಮಸಾಲೆ ನೋವನ್ನು ಇಳಿಸುತ್ತದೆಯೇ? ಬಾವನ್ನು ಇಳಿಸುತ್ತದೆಯೇ? ರೋಗವನ್ನು ಇಳಿಸುತ್ತದೆಯೇ? ಮೂರಕ್ಕೂ ಉತ್ತರ ಬೇರೆ ಬೇರೆ.

ಒಂದೇ ಹೆಸರು, ಹಲವು ರೋಗ

ನಮ್ಮ ಕಡೆ ಸಂದು ಹಿಡಿದರೆ ಅದಕ್ಕೆ ‘ವಾಯು’ ಎಂಬ ಒಂದೇ ಹೆಸರು ಸಾಕು. ಆಸ್ಪತ್ರೆಯಲ್ಲಿ ಅದೇ ವಾಯು ಹಲವು ಕವಲಾಗುತ್ತದೆ. ವರ್ಷಗಟ್ಟಲೆ ಭತ್ತದ ಗದ್ದೆಯಲ್ಲಿ ಬಾಗಿ, ಗೋವಿನಜೋಳದ ಚೀಲ ಹೊತ್ತು ಸವೆದ ಮೊಣಕಾಲಿನದು ಒಂದು ಬಗೆ. ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಸ್ವಂತ ಕೀಲಿನ ಒಳಪೊರೆಯ ಮೇಲೆ ಎರಗುವ ರುಮಟಾಯ್ಡ್ ಕೀಲುವಾತ ಇನ್ನೊಂದು. ಯೂರಿಕ್ ಆಮ್ಲದ ಹರಳು ಕೂತು ಹೆಬ್ಬೆರಳು ಕೆಂಪಾಗುವುದು ಮತ್ತೊಂದು. ಮೊದಲನೆಯದು ನಡೆದಷ್ಟೂ ನೋಯುತ್ತದೆ, ಕೂತರೆ ತಣಿಯುತ್ತದೆ. ಎರಡನೆಯದು ಬೆಳಗ್ಗೆ ಎದ್ದಾಗಲೇ ಹೆಚ್ಚು. ಬೆರಳು ಮಡಚಲು ಒಂದು ತಾಸು ಬೇಕಾಗುತ್ತದೆ, ಎರಡೂ ಕೈಯ ಅವೇ ಸಂದುಗಳು ಒಟ್ಟಿಗೆ ಬಾಯುತ್ತವೆ, ಮುಟ್ಟಿದರೆ ಬಿಸಿ. ಉತ್ತರ ಭಾರತದ ಹಳ್ಳಿಗಳಲ್ಲಿ ಮಳವೀಯ ಮತ್ತು ಸಂಗಡಿಗರು ಮಾಡಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ರುಮಟಾಯ್ಡ್ ಕಾಣಿಸುವುದು ವಯಸ್ಕರಲ್ಲಿ ಶೇ. 0.75 ಮಂದಿಗೆ. ಕಡಿಮೆ ಎನಿಸಬಹುದು. ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಜನ ಅಂದರೆ ಅದು ಸಣ್ಣ ಲೆಕ್ಕವಲ್ಲ.

ನೆರೆಯ ಶಿವಮೊಗ್ಗ ಜಿಲ್ಲೆಯಲ್ಲೇ ಇದಕ್ಕೊಂದು ಎಚ್ಚರಿಕೆಯ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಾದ ಕೀಲುರೋಗ ವಂಶವಾಹಿಯಿಂದ ಬಂದದ್ದು. ಅದನ್ನೂ ಯಾರಾದರೂ ವಾಯು ಎಂದು ಎಣ್ಣೆ ತಿಕ್ಕಿದ್ದರೆ ಅಚ್ಚರಿಯಿಲ್ಲ.

2006ರ ಚಿಕೂನ್‌ಗುನ್ಯಾ ಈ ಗೊಂದಲವನ್ನು ಇನ್ನಷ್ಟು ಬಿಗಿ ಮಾಡಿತು. ಆ ವರ್ಷ ದೇಶದಲ್ಲಿ ಶಂಕಿತ ರೋಗಿಗಳು ಹದಿಮೂರು ಲಕ್ಷ ದಾಟಿದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ, ಸುಮಾರು 7.5 ಲಕ್ಷ, ಕರ್ನಾಟಕದವರು. ಜ್ವರ ಬಿಟ್ಟರೂ ಸಂದು ಬಿಡಲಿಲ್ಲ. ಜನ ಗೋಡೆ ಹಿಡಿದು ನಡೆದರು. ವೈರಸ್‌ ತಂದ ಆ ಉರಿಯೂತ ಬಹುಪಾಲು ಜನರಲ್ಲಿ ವಾರ, ತಿಂಗಳುಗಳಲ್ಲಿ ತಾನಾಗಿ ಇಳಿಯಿತು. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಎಣ್ಣೆ ಇತ್ತೋ ಅದಕ್ಕೆ ಕೀರ್ತಿ ಬಂತು. ಈಗಲೂ ಅನೇಕ ಮನೆಗಳಲ್ಲಿ ಒಂದು ಎಣ್ಣೆಯ ಗುಣಕ್ಕೆ ಕೊಡುವ ಸಾಕ್ಷಿ ಆ ವರ್ಷದ್ದು.

ಊರಿನ ಕೈಮದ್ದು

ಹಳ್ಳಿಯ ಮದ್ದನ್ನು ಸಾಮಗ್ರಿಯಿಂದ ವಿಂಗಡಿಸುವುದಕ್ಕಿಂತ ಅದು ಚರ್ಮಕ್ಕೆ ಏನು ಮಾಡುತ್ತದೆ ಎಂಬುದರಿಂದ ವಿಂಗಡಿಸಿದರೆ ಸ್ಪಷ್ಟವಾಗುತ್ತದೆ. ಕಾವು ಕೊಡುವವು ಒಂದು ಗುಂಪು: ಉಪ್ಪಿನ ಗಂಟು, ಲಕ್ಕಿ ಸೊಪ್ಪು ಕುದಿಸಿದ ನೀರು, ಎಣ್ಣೆ ಸವರಿ ಬಾಡಿಸಿದ ವೀಳ್ಯದೆಲೆ ಅಥವಾ ಔಡಲ ಎಲೆ. ಉರಿ ಎಬ್ಬಿಸುವವು ಎರಡನೆಯ ಗುಂಪು: ಶುಂಠಿ, ಸಾಸಿವೆ, ಬೆಳ್ಳುಳ್ಳಿ, ಮೆಣಸು, ಲವಂಗ, ಅಜವಾನ, ಕರ್ಪೂರ. ಮೂರನೆಯವು ಬಾವಿಗೆ ಬಳಿಯುವ ಲೇಪಗಳು, ಅರಿಶಿಣ ಇವುಗಳ ಮುಂದಾಳು.

ಇದೇ ಸಾಲಿನ ತುದಿಗೆ ಹೋದರೆ ಚುಟಿಗಿ ಹಾಕುವುದೂ ಕೇರುಬೀಜದ ರಸ ಹಚ್ಚುವುದೂ ಸಿಗುತ್ತವೆ. ಕೇರುಬೀಜ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಬೀಜ; ಅದರ ರಸ ತಾಗಿದಲ್ಲಿ ಚರ್ಮ ಗುಳ್ಳೆ ಏಳುತ್ತದೆ. ಇವುಗಳ ಹಿಂದಿನ ತರ್ಕ ಒಂದೇ: ಒಳಗಿನ ನೋವನ್ನು ಹೊರಗೆ ಎಳೆಯಲು ಹೊರಗೊಂದು ಉರಿ ಬೇಕು. ಯುರೋಪಿನ ವೈದ್ಯರೂ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸಾಸಿವೆ ಪಟ್ಟು ಹಾಕಿ, ಗುಳ್ಳೆ ಎಬ್ಬಿಸಿ ಇದನ್ನೇ ಮಾಡುತ್ತಿದ್ದರು. ಮದರಾಸಿನ ಮನೆಮಾತಾಗುವ ಮುನ್ನ 1893ರಲ್ಲಿ ಮುಂಬಯಿಯಲ್ಲಿ ಶುರುವಾದ ಅಮೃತಾಂಜನದಿಂದ ಹಿಡಿದು ಇಂದಿನ ಎಲ್ಲ ಬಾಮುಗಳೂ ಈ ತರ್ಕದ ಸಭ್ಯ ಸಂತತಿ.

ಅರಿಶಿಣ–ಸುಣ್ಣದ ಲೇಪದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಎರಡೂ ಬೆರೆತೊಡನೆ ಕೆಂಪಾಗುವುದನ್ನು ಮದ್ದು ‘ಹಿಡಿದ’ ಗುರುತೆಂದು ಹಲವರು ನಂಬುತ್ತಾರೆ. ಬಣ್ಣ ಬದಲಾಗುವುದು ಕ್ಷಾರದಿಂದ, ಮತ್ತು ಕ್ಷಾರದಲ್ಲಿ ಅರಿಶಿಣದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಬೇಗ ಒಡೆದುಹೋಗುತ್ತದೆ. ಅರಿಶಿಣವನ್ನು ಮೆಚ್ಚಿ ಹಚ್ಚುವವರು ಅದನ್ನು ಕೊಂದು ಹಚ್ಚುತ್ತಿದ್ದಾರೆ. ಕೆಲಸ ಮಾಡುತ್ತಿರುವುದೇನಾದರೂ ಇದ್ದರೆ ಅದು ಸುಣ್ಣದ ಚುರುಕು. ಎಣ್ಣೆಯಲ್ಲಿ ಕಾಯಿಸುವ ರೂಢಿಯ ಕಥೆ ಬೇರೆ. ಮೆಣಸಿನಕಾಯಿಯ ಖಾರ, ಶುಂಠಿಯ ಖಾರ, ಅರಿಶಿಣದ ಬಣ್ಣ ಮೂರೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಇಳಿಯುವಂಥವು. ಒಗ್ಗರಣೆ ಕಲಿತ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಯುರ್ವೇದ ಎಳೆದ ಗೆರೆ

ಹಳ್ಳಿಯ ಲೇಪವನ್ನೆಲ್ಲ ಆಯುರ್ವೇದ ಎಂದು ಕರೆಯುವುದು ರೂಢಿ. ಗ್ರಂಥಗಳನ್ನು ತೆರೆದರೆ ಅಲ್ಲಿನ ಮಾತು ಹೆಚ್ಚು ಕಟ್ಟುನಿಟ್ಟು. ಸಂಧಿವಾತಕ್ಕೂ ಆಮವಾತಕ್ಕೂ ನಡುವೆ ಅವು ಗೆರೆ ಎಳೆಯುತ್ತವೆ. ಆಮವಾತಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟವನು ಸುಮಾರು ಏಳು–ಎಂಟನೆಯ ಶತಮಾನದ ಮಾಧವಕರ, ತನ್ನ ‘ಮಾಧವನಿದಾನ’ದಲ್ಲಿ. ಜೀರ್ಣವಾಗದೆ ಉಳಿದ ಆಮ ವಾತದೊಡನೆ ಸೇರಿ ಸಂದುಗಳಲ್ಲಿ ನೆಲೆಯಾಗುತ್ತದೆ, ಜ್ವರ ಬರುತ್ತದೆ, ಮೈ ಭಾರವಾಗುತ್ತದೆ, ಕೈಕಾಲಿನ ಸಂದು ಬಾಯುತ್ತದೆ ಎಂಬ ಅವನ ವಿವರಣೆಯಲ್ಲಿ ಇಂದಿನ ಉರಿಯೂತದ ಕೀಲುವಾತದ ಲಕ್ಷಣಗಳು ಬಹುಮಟ್ಟಿಗೆ ಕಾಣುತ್ತವೆ. ಹನ್ನೊಂದನೆಯ ಶತಮಾನದ ‘ಚಕ್ರದತ್ತ’ ಚಿಕಿತ್ಸೆಯ ಕ್ರಮವನ್ನು ಹೇಳುತ್ತದೆ: ಮೊದಲು ಲಂಘನ, ಬೆವರಿಸುವುದು, ಕಹಿ ಮತ್ತು ಖಾರದ ಮದ್ದು, ಆಮೇಲೆ ಉಳಿದದ್ದು.

ನಂತರದ ಗ್ರಂಥಗಳು ಬಾತ ಸಂದಿಗೆ ಒಣ ಶಾಖ, ಅಂದರೆ ಕಾದ ಮರಳಿನ ಗಂಟು ಸಾಕು ಎನ್ನುತ್ತವೆ. ಆಮ ಇಳಿಯುವ ತನಕ ಎಣ್ಣೆ ತಿಕ್ಕುವುದನ್ನು ಆಯುರ್ವೇದ ವೈದ್ಯರು ಇಂದಿಗೂ ತಡೆಯುತ್ತಾರೆ. ಎಣ್ಣೆಯ ಜಾಗ ಸವೆದು ಒಣಗಿದ ಸಂಧಿವಾತದಲ್ಲಿ. ಕೇರಳದ ‘ಸಹಸ್ರಯೋಗ’ದಿಂದ ಬಂದ ಕೊಟ್ಟಂಚುಕ್ಕಾದಿ ತೈಲದಲ್ಲಿ ಒಣಶುಂಠಿ, ಸಾಸಿವೆ, ಬೆಳ್ಳುಳ್ಳಿ, ನುಗ್ಗೆ, ಹುಣಸೆ ಎಲ್ಲ ಇವೆ. ಅಡುಗೆಮನೆಯ ಎಣ್ಣೆಗೆ ಅದು ಹತ್ತಿರದ ನೆಂಟ. ಅದನ್ನು ಯಾವ ಹಂತದಲ್ಲಿ, ಯಾರಿಗೆ ಎಂದು ನೋಡಿ ಕೊಡುವುದು ವೈದ್ಯರ ಕ್ರಮ.

ಈ ಪಂಥದ ಬಲ ಇರುವುದು ಈ ಭೇದದಲ್ಲಿ. ಬಿಸಿಯಾಗಿ ಬಾತ ಕೀಲನ್ನು ಸವೆದ ಕೀಲಿನಂತೆ ಕಾಣಬಾರದು ಎಂಬುದು ಇಂದಿನ ಆಸ್ಪತ್ರೆಯೂ ಒಪ್ಪುವ ಮಾತು. ಪೇಟೆಯಲ್ಲಿ ‘ಎಲ್ಲ ಬಗೆಯ ಕೀಲುನೋವಿಗೆ’ ಎಂದು ಮಾರುವ ಎಣ್ಣೆ ಬಾಟಲಿಗಳು ಆಯುರ್ವೇದದ ಹೆಸರು ಹೇಳಿಕೊಂಡು ಆಯುರ್ವೇದ ಎಳೆದ ಗೆರೆಯನ್ನೇ ಅಳಿಸುತ್ತವೆ. ಅಂಥ ಜಾಹೀರಾತಿಗೆ ಕಾನೂನು ತಡೆಯೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಸಂಧಿವಾತವೂ ಸೇರಿದೆ. ಬಸ್ ನಿಲ್ದಾಣದ ಗೋಡೆ ಆ ಪಟ್ಟಿಯನ್ನು ಓದಿದಂತಿಲ್ಲ.

ದೌರ್ಬಲ್ಯ ಪುರಾವೆಯ ಕಡೆಯದು. ಕೊಯಮತ್ತೂರಿನಲ್ಲಿ 43 ರುಮಟಾಯ್ಡ್ ರೋಗಿಗಳ ಮೇಲೆ ಆಯುರ್ವೇದ ಚಿಕಿತ್ಸೆಯನ್ನೂ ಆಸ್ಪತ್ರೆಗಳು ಈ ರೋಗಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೂ ಹೋಲಿಸಿದ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಇದನ್ನು ಗೆಲುವೆಂದು ಸಾರುವವರಿದ್ದಾರೆ. ಆದರೆ ಇಷ್ಟು ಸಣ್ಣ ಗುಂಪಿನಲ್ಲಿ ವ್ಯತ್ಯಾಸ ಇದ್ದರೂ ಕಾಣದೆ ಹೋಗಬಹುದು. ಪರೀಕ್ಷೆ ಮಾಡಿದವರೇ ಅದನ್ನು ಪ್ರಾಥಮಿಕ ಯತ್ನ ಎಂದು ಕರೆದರು. ಮೇಲಾಗಿ ಅಲ್ಲಿ ಅಳೆದದ್ದು ವೈದ್ಯರು ಕೊಟ್ಟ ಇಡೀ ಚಿಕಿತ್ಸೆಯನ್ನು, ಹಚ್ಚುವ ಎಣ್ಣೆಯೊಂದನ್ನೇ ಅಲ್ಲ.

ಉರಿಯ ನರ

ಮಸಾಲೆ ಹಚ್ಚಿದರೆ ನೋವು ಏಕೆ ಇಳಿಯಬಹುದು ಎಂಬುದಕ್ಕೆ ಅತಿ ಗಟ್ಟಿಯಾದ ಉತ್ತರ ಬಂದಿರುವುದು ಮೆಣಸಿನಕಾಯಿಯಿಂದ. ಖಾರದ ಸತ್ವಕ್ಕೆ 1876ರಲ್ಲಿ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟವನು ಜಾನ್ ಥ್ರೆಶ್. 1940ರ ದಶಕದಲ್ಲಿ ಹಂಗೆರಿಯ ಯಾಂಚೊ ಒಂದು ವಿಚಿತ್ರ ಗಮನಿಸಿದ: ಖಾರವನ್ನು ಮತ್ತೆ ಮತ್ತೆ ಹಚ್ಚಿದರೆ ಆ ಜಾಗ ಖಾರಕ್ಕಷ್ಟೇ ಅಲ್ಲ, ಬೇರೆ ಉರಿಗಳಿಗೂ ಜಡವಾಗುತ್ತದೆ. ಕಾರಣ ಸ್ಪಷ್ಟವಾಗಲು ಅರ್ಧ ಶತಮಾನ ಹಿಡಿಯಿತು. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ನೋವಿನ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಹಿಡಿದುಕೊಟ್ಟಿತು. ಸುಡುವ ಬಿಸಿಗೆ ತೆರೆಯುವ ಗ್ರಾಹಕವೇ ಮೆಣಸಿನ ಖಾರಕ್ಕೂ ತೆರೆಯುತ್ತದೆ. ನಾಲಿಗೆಗೆ ಖಾರ ‘ಬಿಸಿ’ ಎನಿಸುವುದು ಇದರಿಂದಲೇ. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು.

ಶುಂಠಿಯ ಖಾರದ ಅಣುಗಳೂ ಇದೇ ಗ್ರಾಹಕವನ್ನು ತಟ್ಟುತ್ತವೆ, ಕರ್ಪೂರವೂ ತಟ್ಟುತ್ತದೆ. ಸಾಸಿವೆ ಮತ್ತು ಬೆಳ್ಳುಳ್ಳಿಯ ಚುರುಕು ಟಿಆರ್‌ಪಿಎ1 ಎಂಬ ಅದರ ದಾಯಾದಿಯನ್ನು ತಟ್ಟುತ್ತದೆ. ಪುದೀನ ಸತ್ವಕ್ಕೆ ತಂಪಿನ ಗ್ರಾಹಕ ಬೇರೆಯೇ ಇದೆ. ಅಜ್ಜಿಯರು ಮೊಣಕಾಲಿಗೆ ಆರಿಸಿಕೊಂಡ ಪದಾರ್ಥಗಳಲ್ಲಿ ಬಹುಪಾಲು ಈ ಒಂದೇ ಕುಟುಂಬದ ಬಾಗಿಲು ತಟ್ಟುವಂಥವು ಎಂಬುದು ಕಾಕತಾಳೀಯ ಅಲ್ಲ. ಅವರು ಆರಿಸಿದ್ದು ಉರಿಯನ್ನು. ವಿಜ್ಞಾನ ಆ ಉರಿಗೆ ವಿಳಾಸ ಕೊಟ್ಟಿತು.

ವಿಳಾಸ ಸಿಕ್ಕಿತೆಂದು ಗುಣ ಸಾಬೀತಾಗಲಿಲ್ಲ. 1991ರಲ್ಲಿ ಡೀಲ್ ಮತ್ತು ಸಂಗಡಿಗರು ಮೊಣಕಾಲಿಗೆ ಶೇ. 0.025ರ ಕ್ಯಾಪ್ಸೈಸಿನ್ ಮುಲಾಮನ್ನು ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ ಹಚ್ಚಿಸಿ ನೋಡಿದರು. ಸವೆತದವರಲ್ಲೂ ರುಮಟಾಯ್ಡ್ ಉಳ್ಳವರಲ್ಲೂ ನೋವು ಇಳಿಯಿತು. ಮರುವರ್ಷ ಮೆಕಾರ್ಥಿ ಮತ್ತು ಮೆಕಾರ್ಟಿ ಕೈಬೆರಳುಗಳಿಗೆ ಮೂರು ಪಟ್ಟು ಬಲದ ಮುಲಾಮು ಹಚ್ಚಿಸಿದರು. ಸವೆತದವರಿಗೆ ಉಪಯೋಗವಾಯಿತು, ರುಮಟಾಯ್ಡ್‌ನವರಿಗೆ ಆಗಲಿಲ್ಲ. ಈ ಎರಡನೆಯ ಪರೀಕ್ಷೆಯಲ್ಲಿದ್ದವರು 21 ಜನ ಮಾತ್ರ. ಉರಿಯೂತದ ಕೀಲುವಾತಕ್ಕೆ ಹಚ್ಚುವ ಖಾರದ ಬಗ್ಗೆ ವಾದಿಸುವವರು ಮೂರು ದಶಕಗಳ ಬಳಿಕವೂ ಇಂಥ ಸಣ್ಣ ಪರೀಕ್ಷೆಗಳ ಸುತ್ತಲೇ ತಿರುಗುತ್ತಿದ್ದಾರೆ. ಸವೆತದ ಬಗೆಗೆ ಪುರಾವೆ ಹೆಚ್ಚಿದ್ದರೂ ಅಲ್ಲೂ ಒಮ್ಮತವಿಲ್ಲ. 2013ರ ಕೊಕ್ರೇನ್ ಪರಾಮರ್ಶೆ ಮೆಣಸಿನ ಸಾರದ ಲೇಪದಿಂದ ಪರೀಕ್ಷಿಸಿದ ಪ್ರಮಾಣದಲ್ಲಿ ಪ್ರಾಯಶಃ ಉಪಯೋಗವಿಲ್ಲ ಎಂದಿತು. 2019ರ ಅಮೆರಿಕನ್ ಕೀಲುವಾತ ತಜ್ಞರ ಮಾರ್ಗಸೂಚಿ ಸವೆದ ಮೊಣಕಾಲಿಗೆ ಕ್ಯಾಪ್ಸೈಸಿನ್ ಆಗಬಹುದು, ಕೈಗೆ ಬೇಡ ಎಂದಿತು. ಕೈಗೆ ಹಚ್ಚಿದ ಖಾರ ಕಣ್ಣಿಗೆ ಹೋಗುತ್ತದೆ ಎಂಬ ಕಾರಣ ಅಡುಗೆ ಮಾಡುವ ಎಲ್ಲರಿಗೂ ಅರ್ಥವಾಗುವಂಥದ್ದು.

ಇಲ್ಲಿ ನಮ್ಮ ಜಿಲ್ಲೆಗೊಂದು ತಮಾಷೆಯಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ, ಅದರಲ್ಲೂ ಡಬ್ಬಿ ತಳಿಯ, ಹಿರಿಮೆ ಬಣ್ಣದಲ್ಲಿ. ಖಾರ ಅದರಲ್ಲಿ ಕಡಿಮೆ. ತುಟಿಯ ರಂಗಿಗೂ ಅದರ ಬಣ್ಣ ಹೋಗುತ್ತದೆ; ನರ ಜಡವಾಗಿಸುವ ಕೆಲಸದಲ್ಲಿ ಗುಂಟೂರಿನ ಕಾಯಿ ಅದಕ್ಕಿಂತ ಮುಂದು. ಮುಲಾಮಿನಲ್ಲಿ ಅಳೆದು ಹಾಕಿದ ಖಾರಕ್ಕೂ ಮನೆಯ ಎಣ್ಣೆಗೂ ಇರುವ ಅಂತರ ಇದೇ: ಮನೆಯ ಎಣ್ಣೆಯಲ್ಲಿ ಎಷ್ಟಿದೆ ಎಂಬುದು ಕಾಯಿಯ ಮೇಲೆ, ಕಾಯಿಸಿದ ಹೊತ್ತಿನ ಮೇಲೆ, ಕೈಯ ಮೇಲೆ ನಿಂತಿದೆ. ಒಮ್ಮೆ ಹಚ್ಚಿ ಬಿಟ್ಟರೆ ಉರಿಯಷ್ಟೇ ಲಾಭ. ನರ ಜಡವಾಗಲು ದಿನವೂ, ವಾರಗಟ್ಟಲೆ ಹಚ್ಚಬೇಕು. ಉರಿ ತಾಳದಿದ್ದರೆ ನೀರು ಸುರಿದು ಫಲವಿಲ್ಲ, ಎಣ್ಣೆಯಲ್ಲಿ ಒರೆಸಿ ಸಾಬೂನು ಹಚ್ಚಿ ತೊಳೆಯಬೇಕು. ಬೆಳ್ಳುಳ್ಳಿಯನ್ನು ಅರೆದು ರಾತ್ರಿಯಿಡೀ ಕಟ್ಟಿಕೊಂಡು ಚರ್ಮ ಸುಟ್ಟ ಪ್ರಕರಣಗಳು ವೈದ್ಯ ನಿಯತಕಾಲಿಕೆಗಳಲ್ಲಿ ಹಲವಿವೆ.

ಚರ್ಮ ದಾಟುವ ಪ್ರಶ್ನೆ

ನರದ ವಾದ ನೋವನ್ನು ವಿವರಿಸುತ್ತದೆ, ಬಾವನ್ನು ಮುಟ್ಟುವುದಿಲ್ಲ. ಬಾವಿಗೆ ಉತ್ತರ ಕೊಡಲು ಬಂದವರು ಅಣುವಿನ ಪಂಥದವರು. ಅರಿಶಿಣದ ಕರ್ಕ್ಯುಮಿನ್ ಉರಿಯೂತದ ಸಂಕೇತಗಳನ್ನು ತಡೆಯುತ್ತದೆ ಎಂಬುದಕ್ಕೆ ಪ್ರಯೋಗಾಲಯದ ತಟ್ಟೆಗಳಲ್ಲಿ, ಇಲಿಗಳಲ್ಲಿ ಸಾಕ್ಷಿ ರಾಶಿಯಾಗಿದೆ. 1980ರಲ್ಲೇ ದೇವಧರ್ ಮತ್ತು ಸಂಗಡಿಗರು ರುಮಟಾಯ್ಡ್ ರೋಗಿಗಳಿಗೆ ಕರ್ಕ್ಯುಮಿನ್ ಕೊಟ್ಟು ನೋಡಿದ ಫಲವನ್ನು ಪ್ರಕಟಿಸಿದರು. ಗಮನಿಸಬೇಕಾದ್ದು, ಅದು ನುಂಗಿಸಿದ್ದು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಬಹುಪಾಲು ನುಂಗುವ ಅರಿಶಿಣದವು, ಆದರೆ ಅವುಗಳ ಹೆಸರಿನಲ್ಲಿ ಮಾರಾಟವಾಗುವುದು ಹಚ್ಚುವ ಅರಿಶಿಣವೂ ಹೌದು. ಈ ಸಾಲದ ಸಾಕ್ಷಿಯನ್ನು ನಾನು ಒಪ್ಪಲಾರೆ.

ಹಚ್ಚಿದ್ದು ಕೀಲಿನ ಒಳಪೊರೆ ತಲುಪಬೇಕಾದರೆ ಚರ್ಮದ ಹೊರಪದರ, ಕೊಬ್ಬು, ಸ್ನಾಯುಬಂಧ ಎಲ್ಲ ದಾಟಬೇಕು. 500 ಡಾಲ್ಟನ್‌ಗಿಂತ ಭಾರದ ಅಣು ಚರ್ಮ ದಾಟುವುದು ಕಷ್ಟ ಎಂಬುದು ಔಷಧಶಾಸ್ತ್ರದ ಸ್ಥೂಲ ಸೂತ್ರ. ಕರ್ಕ್ಯುಮಿನ್ 368, ಕ್ಯಾಪ್ಸೈಸಿನ್ 305, ಶುಂಠಿಯ ಜಿಂಜರಾಲ್ 294. ತೂಕದ ಪರೀಕ್ಷೆಯಲ್ಲಿ ಮೂರೂ ಪಾಸು. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಚರ್ಮದ ಮೇಲ್ಪದರದಲ್ಲೇ ಅಂಟಿ ಕೂರುತ್ತದೆ. ಮದುವೆಯ ಅರಿಶಿಣ ದಿನಗಟ್ಟಲೆ ಮೈಮೇಲೆ ಉಳಿಯುವುದು ಅದಕ್ಕೇ. ಕ್ಯಾಪ್ಸೈಸಿನ್‌ಗೆ ಈ ತಲೆನೋವಿಲ್ಲ. ಅದು ಹುಡುಕುವ ನರದ ತುದಿ ಚರ್ಮದಲ್ಲೇ ಇದೆ. ಮನೆಯ ಲೇಪಗಳಲ್ಲಿ ನೋವಿಗೆ ಸಿಕ್ಕಷ್ಟು ಪುರಾವೆ ಬಾವಿಗೆ ಸಿಗದಿರುವುದು ಇಲ್ಲಿಯ ಮಾತು.

ಕಾವು ಮತ್ತು ಕೈ

ಇನ್ನೂ ಒಂದು ಪಂಥ ಮಸಾಲೆಯನ್ನೇ ಪಕ್ಕಕ್ಕಿಡುತ್ತದೆ. ಗುಣ ಕೊಡುವುದು ಶಾಖ ಮತ್ತು ತಿಕ್ಕುವ ಕೈ, ಶುಂಠಿ ನೆಪ ಎನ್ನುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ಸಿದ್ಧಾಂತದ ಪ್ರಕಾರ ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲೇ ನೋವಿನ ಸಂಕೇತಕ್ಕೆ ಅಡ್ಡ ನಿಲ್ಲುತ್ತವೆ. ಹಾಂಗ್‌ಕಾಂಗ್‌ನಲ್ಲಿ ವೃದ್ಧರ ಮೊಣಕಾಲಿಗೆ ಶುಂಠಿ ಮತ್ತು ಕಿತ್ತಳೆಯ ಎಣ್ಣೆ ತಿಕ್ಕಿದ ಪರೀಕ್ಷೆಯಲ್ಲಿ ಮೊದಲ ವಾರ ನೋವು ಇಳಿಯಿತು, ನಾಲ್ಕನೆಯ ವಾರಕ್ಕೆ ಆ ಲಾಭ ಉಳಿಯಲಿಲ್ಲ.

ಶಾಖದ ಬಗ್ಗೆಯೇ ಒಂದು ಒಳಜಗಳ ಇದೆ. 1974ರಲ್ಲಿ ಹ್ಯಾರಿಸ್ ಮತ್ತು ಮೆಕ್ರಾಸ್ಕರಿ, ರುಮಟಾಯ್ಡ್ ಕೀಲಿನಲ್ಲಿ ಮೃದ್ವಸ್ಥಿ ಕರಗಿಸುವ ಕಿಣ್ವ 33 ಡಿಗ್ರಿಗಿಂತ 36 ಡಿಗ್ರಿಯಲ್ಲಿ ಹಲವು ಪಟ್ಟು ಚುರುಕು ಎಂದು ತೋರಿಸಿದರು. ಹಾಗಾದರೆ ಬಾತ ಕೀಲಿಗೆ ಕಾವು ಕೊಡುವುದು ಬೆಂಕಿಗೆ ತುಪ್ಪ ಸುರಿದಂತೆ. ಆದರೆ ಮನುಷ್ಯರ ಮೇಲಿನ ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ ಪರಾಮರ್ಶೆಗಳಲ್ಲಿ ಶಾಖದಿಂದ ಹಾನಿ ಕಾಣಲಿಲ್ಲ, ಬಾವು ಇಳಿದದ್ದೂ ಕಾಣಲಿಲ್ಲ. ಹಿತವಾಯಿತು ಎಂದವರು ಮಾತ್ರ ಅನೇಕರು. ಜಿಟಿಜಿಟಿ ಮಳೆಯ ಹಾನಗಲ್ಲಿನಲ್ಲಿ ಆಷಾಢದ ಬೆಳಗ್ಗೆ ಆ ಹಿತವನ್ನು ಕಡೆಗಣಿಸುವುದು ಸುಲಭವಲ್ಲ.

ಕಾಲದ ಲೆಕ್ಕ

ಕೀಲುವಾತ ತಜ್ಞರ ತಕರಾರು ಮಸಾಲೆಯ ಮೇಲಲ್ಲ, ಅದು ತಿನ್ನುವ ತಿಂಗಳುಗಳ ಮೇಲೆ. ರುಮಟಾಯ್ಡ್ ರೋಗ ಶುರುವಾದ ಮೊದಲ ಒಂದೆರಡು ವರ್ಷಗಳಲ್ಲೇ ಮೂಳೆ ಕೊರೆತ ಆರಂಭವಾಗುತ್ತದೆ. ಆ ಅವಧಿಯಲ್ಲಿ ರೋಗದ ಗತಿಯನ್ನೇ ಬದಲಿಸುವ ಔಷಧ ಶುರು ಮಾಡಿದರೆ ಬೆರಳು ಸೊಟ್ಟಗಾಗದಂತೆ ತಡೆಯುವ ಅವಕಾಶ ಹೆಚ್ಚು. ಈ ರೋಗಕ್ಕೆ ಮೆಥೊಟ್ರೆಕ್ಸೇಟ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1988ರಲ್ಲಿ. ಇಂದಿಗೂ ಅದೇ ಅಗ್ಗದ, ಮೊದಲ ಆಯ್ಕೆಯ ಮಾತ್ರೆ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಅದನ್ನು ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ, ಹಾಗಾಗಿ ರಕ್ತಪರೀಕ್ಷೆ ಮತ್ತು ತಜ್ಞರ ಕಣ್ಣು ಬೇಕೇ ಬೇಕು. ಹಿರೇಕೆರೂರಿನಿಂದ ಅಂಥ ತಜ್ಞರ ಬಳಿಗೆ ಹೋಗುವುದೆಂದರೆ ದಾವಣಗೆರೆಗೋ ಹುಬ್ಬಳ್ಳಿಗೋ ಬಸ್ಸು, ಒಂದು ದಿನದ ಕೂಲಿ ನಷ್ಟ, ಜೊತೆಗೊಬ್ಬರು.

ಈ ನೋಟದಲ್ಲಿ ಲೇಪ ಮಾಡುವ ಕೇಡು ವಿಚಿತ್ರ ಬಗೆಯದು. ಅದು ನೋವನ್ನು ಒಂದಿಷ್ಟು ನಿಜವಾಗಿಯೇ ಇಳಿಸುತ್ತದೆ, ಮತ್ತು ಒಳಗಿನ ಕೊರೆತ ಸದ್ದಿಲ್ಲದೆ ನಡೆಯುತ್ತದೆ. ಇದಕ್ಕಿಂತ ದೊಡ್ಡ ಕೇಡು ನಾಟಿ ಪುಡಿಯ ಹೆಸರಿನಲ್ಲಿ ಸ್ಟೀರಾಯ್ಡ್ ಬೆರೆಸಿ ಮಾರುವುದು. ಎರಡೇ ದಿನದಲ್ಲಿ ಕುಣಿಯುವಷ್ಟು ಗುಣ ಕೊಡುವ ಪುಡಿಯನ್ನು ಮೊದಲು ಅನುಮಾನಿಸಬೇಕು. ಹಚ್ಚುವ ಶುಂಠಿ ಇದರ ಮುಂದೆ ಎಷ್ಟೋ ಪ್ರಾಮಾಣಿಕ.

ಆರು ವಾರ ಬಿಡದ ಬಾವು, ಒಂದು ತಾಸು ಮೀರುವ ಬೆಳಗಿನ ಬಿಗಿತ, ಎರಡೂ ಕೈಯ ಸಂದುಗಳಲ್ಲಿ ಒಟ್ಟಿಗೆ ನೋವು ಇದ್ದರೆ ಎಣ್ಣೆ ಹಚ್ಚಿಕೊಂಡೇ ಆಸ್ಪತ್ರೆಯ ಬಸ್ಸು ಹತ್ತುವುದು ಸರಿ. ಎಣ್ಣೆ ಬಿಡಿ ಎಂದು ಗದರುವ ವೈದ್ಯರಿಗಿಂತ ಅದನ್ನು ಇಟ್ಟುಕೊಳ್ಳಿ, ಮಾತ್ರೆಯನ್ನೂ ತಪ್ಪಿಸಬೇಡಿ ಎನ್ನುವ ವೈದ್ಯರ ಮಾತು ಊರಿನಲ್ಲಿ ಹೆಚ್ಚು ನಡೆಯುತ್ತದೆ.

ಇತ್ಯರ್ಥವಾಗದೆ ಉಳಿದವು

ಬಿಸಿಯಾಗಿ ಬಾತ ರುಮಟಾಯ್ಡ್ ಕೀಲಿಗೆ ಖಾರದ ಲೇಪ ಉಪಯೋಗವೇ ಎಂಬುದಕ್ಕೆ 1991 ಮತ್ತು 1992ರ ಉತ್ತರಗಳು ಎದುರುಬದುರು ನಿಂತಿವೆ. ಮೊಣಕಾಲು ಮತ್ತು ಬೆರಳಿನ ವ್ಯತ್ಯಾಸವೋ, ಮುಲಾಮಿನ ಬಲದ್ದೋ, ಗುಂಪು ಚಿಕ್ಕದಾದದ್ದೋ ತೀರ್ಮಾನವಾಗಿಲ್ಲ. ಇಂಥ ಪರೀಕ್ಷೆಯಲ್ಲಿ ಮರೆಮಾಚುವುದೇ ಕಷ್ಟ. ಉರಿದವನಿಗೆ ತನಗೆ ನಿಜ ಮದ್ದು ಸಿಕ್ಕಿದೆ ಎಂದು ಗೊತ್ತಾಗಿಬಿಡುತ್ತದೆ. ಉರಿಯೇ ಗುಣದ ನಂಬಿಕೆ ಹುಟ್ಟಿಸುವಾಗ ನಂಬಿಕೆಯನ್ನು ಕಳೆದು ಗುಣವನ್ನು ಅಳೆಯುವ ದಾರಿ ಇನ್ನೂ ತೃಪ್ತಿಕರವಾಗಿ ಸಿಕ್ಕಿಲ್ಲ.

ಬಾವಿನ ಹಂತದಲ್ಲಿ ಎಣ್ಣೆ ಬೇಡ, ಒಣ ಶಾಖ ಇರಲಿ ಎಂಬ ಗ್ರಂಥದ ಸೂಚನೆ ಪರೀಕ್ಷೆಗೆ ಒಡ್ಡಬಹುದಾದ ಸ್ಪಷ್ಟ ಮಾತು. ಒಂದೇ ಮರಳಿನ ಗಂಟು, ಒಂದೇ ಎಣ್ಣೆ, ಎರಡು ಗುಂಪು ಇದ್ದರೆ ಸಾಕು, ದುಬಾರಿ ಯಂತ್ರ ಬೇಕಿಲ್ಲ. ಹಾವೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಯಾವ ಮನೆಯಲ್ಲಿ ಯಾವ ಹಂತಕ್ಕೆ ಏನು ಹಚ್ಚುತ್ತಾರೆ ಎಂಬ ದಾಖಲೆಯನ್ನು ಒಬ್ಬರು, ಹಚ್ಚಿದ ಕೀಲಿನ ಸ್ಥಿತಿಯನ್ನು ಇನ್ನೊಬ್ಬರು ಬರೆದಿಟ್ಟರೆ ಈ ವಾದಕ್ಕೆ ಹೊಸ ಸರಕು ಬರುತ್ತದೆ.

ಕೊನೆಯದು ತಡವಾಗುವಿಕೆಯ ಪ್ರಶ್ನೆ. ರೋಗಿ ಆಸ್ಪತ್ರೆಗೆ ತಡವಾಗಿ ಬಂದಾಗ ತಪ್ಪನ್ನು ಲೇಪದ ಮೇಲೆ ಹೊರಿಸುವುದು ವೈದ್ಯರಿಗೆ ಸುಲಭ. ಲೇಪ ಇಲ್ಲದಿದ್ದರೆ ಆಕೆ ಬೇಗ ಬರುತ್ತಿದ್ದಳೇ, ಅಥವಾ ಶುಂಠಿ ಕೀಳುವ ಸುಗ್ಗಿ, ಬಸ್ಸಿನ ಖರ್ಚು, ಊರ ಔಷಧ ಅಂಗಡಿಯ ನೋವಿನ ಮಾತ್ರೆ ಇವೇ ಆಕೆಯನ್ನು ಅಷ್ಟೇ ಕಾಲ ತಡೆಯುತ್ತಿದ್ದವೇ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.